ಮೂಲೆ ಸೇರಿದ ಎಸ್ಟೀಮ್‌ನಿಂದ ರೇಸ್ ಕಾರು

ಕೈಬಿಟ್ಟ ಹಳೆಯ ಕಾರನ್ನು ಕಡಿಮೆ ಖರ್ಚಿನಲ್ಲಿ ರೇಸ್ ಕಾರಾಗಿ ಮಾಡುವ ಕೆಲಸಕ್ಕೆ ನಮ್ಮ ದೇಶದಲ್ಲಿ ಮಾರುತಿ ಎಸ್ಟೀಮ್‌ನಷ್ಟು ಒಗ್ಗಿದ ಗಾಡಿ ಇನ್ನೊಂದಿಲ್ಲ. ಮಾರುತಿ 1000 ಎಂಬ ಹೆಸರಿನಲ್ಲಿ 1990ರಲ್ಲಿ ಬಂದ ಸೆಡಾನ್‌ಗೆ 1994ರಲ್ಲಿ 1298 ಸಿಸಿ ಎಂಜಿನ್ ಕೂರಿಸಿದಾಗ ಎಸ್ಟೀಮ್ ಹುಟ್ಟಿತು, 2007ರವರೆಗೆ ತಯಾರಾಯಿತು. ತೂಕ 900 ಕಿಲೋಗ್ರಾಮಿನ ಒಳಗೆ. ಮೊದಲ ಕಾರುಗಳಲ್ಲಿ ಕಾರ್ಬ್ಯುರೇಟರ್ ಇದ್ದ ಎಂಜಿನ್‌ನ ಶಕ್ತಿ 65 ಅಶ್ವಶಕ್ತಿ, ಕೊನೆಯ ವರ್ಷಗಳ 16 ವಾಲ್ವ್‌ಗಳ, ಇಂಧನವನ್ನು ಚಿಮುಕಿಸುವ ಎಂಪಿಎಫ್ಐ ಎಂಜಿನ್‌ನದು 85. ಸುಜುಕಿಯ ಇದೇ 'ಜಿ' ಸರಣಿಯ ಎಂಜಿನ್ ಜಿಪ್ಸಿ ಕಿಂಗ್‌ನಲ್ಲೂ 2005ರ ಮೊದಲ ಸ್ವಿಫ್ಟ್‌ನಲ್ಲೂ ಇತ್ತು; ಝೆನ್‌ನ 993 ಸಿಸಿ ಎಂಜಿನ್ ಅದರ ತಮ್ಮ. ಹಾಗಾಗಿ ಒಂದರ ಬಿಡಿಭಾಗ ಇನ್ನೊಂದಕ್ಕೆ ಒಗ್ಗುವ ಸಾಧ್ಯತೆ ಹೆಚ್ಚು. ರಾಷ್ಟ್ರೀಯ ಚಾಂಪಿಯನ್‌ಷಿಪ್‌ನ ಟೂರಿಂಗ್ ಕಾರು ವಿಭಾಗಗಳಲ್ಲಿ ಎಸ್ಟೀಮ್ ವರ್ಷಾನುಗಟ್ಟಲೆ ಓಡಿದ್ದಕ್ಕೆ ಈ ಸಲೀಸುತನವೇ ಮುಖ್ಯ ಕಾರಣ.

ಹೈದರಾಬಾದಿನ ಹಳೆಯ ಬಡಾವಣೆಗಳಲ್ಲಿ, ಅಪಾರ್ಟ್‌ಮೆಂಟುಗಳ ನೆಲಮಾಳಿಗೆಯಲ್ಲಿ ಇಂಥ ಕಾರುಗಳು ಇನ್ನೂ ಸಿಗುತ್ತವೆ. ಗುರುತು ಹಿಡಿಯುವುದು ಸುಲಭ. ಎಪಿ 09, ಎಪಿ 10, ಎಪಿ 11 ಎಂಬ ನೋಂದಣಿ ಫಲಕ ಇದ್ದರೆ ಅದು 2014ರ ಜೂನ್‌ನಲ್ಲಿ ತೆಲಂಗಾಣ ರಾಜ್ಯವಾಗುವ ಮೊದಲು ಈ ನಗರದಲ್ಲಿ ನೋಂದಣಿಯಾದ ಗಾಡಿ. ಆಮೇಲಿನವಕ್ಕೆ ಟಿಎಸ್, 2024ರಿಂದೀಚಿನವಕ್ಕೆ ಟಿಜಿ. ಗಾಳಿ ಹೋದ ಟೈರು, ಬಿಸಿಲಿಗೆ ಬಿಳಿಚಿದ ಬಣ್ಣ, ಬೂದಿಯಂತೆ ಕೂತ ಧೂಳು. ಮಾಲೀಕರ ಮಕ್ಕಳು ಹೊಸ ಕಾರು ಕೊಂಡಿರುತ್ತಾರೆ, ಇದನ್ನು ಮಾರಲು ಮನಸ್ಸಿಲ್ಲ, ಓಡಿಸಲು ಪುರುಸೊತ್ತಿಲ್ಲ.

ಇರುವ ಗಾಡಿಯಲ್ಲೇ ರೇಸ್ ಮಾಡುವುದು ಭಾರತದ ಮೋಟಾರು ಕ್ರೀಡೆಯ ಮೂಲ ಸ್ವಭಾವ. 1953ರಲ್ಲಿ ಸ್ಥಾಪನೆಯಾದ ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್, ಎರಡನೆಯ ಮಹಾಯುದ್ಧದ ಕಾಲದ ಶೋಳಾವರಂ ವಿಮಾನ ಪಟ್ಟಿಯಲ್ಲಿ ದಶಕಗಳ ಕಾಲ ರೇಸ್ ನಡೆಸಿತು. ವಿದೇಶಿ ಕಾರು ತರಿಸಿಕೊಳ್ಳುವುದು ಸಾಮಾನ್ಯರಿಗೆ ಅಸಾಧ್ಯವಾಗಿದ್ದ ಆ ಕಾಲದಲ್ಲಿ ಫಿಯೆಟ್, ಸ್ಟ್ಯಾಂಡರ್ಡ್ ಹೆರಾಲ್ಡ್, ಅಂಬಾಸಿಡರ್‌ಗಳೇ ಅಲ್ಲಿ ಓಡುತ್ತಿದ್ದವು. ಅವುಗಳ ಎಂಜಿನ್ ಕಿತ್ತು ಮನೆಯಲ್ಲೇ ಕಟ್ಟಿದ ಚಾಸಿಗೆ ಕೂರಿಸಿದ 'ಸ್ಪೆಷಲ್'ಗಳೂ ಇದ್ದವು. ಬೆಂಗಳೂರಿನ ಸಿಪಾನಿ ಸಂಸ್ಥೆ 1980ರ ದಶಕದಲ್ಲಿ ಹೊರತಂದ ಡಾಲ್ಫಿನ್ ಮಾರುಕಟ್ಟೆಯಲ್ಲಿ ಮಾರುತಿ 800ರ ಎದುರು ನಿಲ್ಲಲಿಲ್ಲ. ಆದರೆ ಫೈಬರ್‌ಗ್ಲಾಸ್ ಮೈ, 848 ಸಿಸಿ ಎಂಜಿನ್, ಹಗುರ ತೂಕದ ಆ ಪುಟ್ಟ ಕಾರನ್ನು ರೇಸಿನವರು ಮೆಚ್ಚಿಕೊಂಡರು. ಕೊಯಮತ್ತೂರಿನ ಎಸ್. ಕರಿವರ್ಧನ್ ಮಾರುತಿ 800ರ ಎಂಜಿನ್ ಬಳಸಿ ಒಂಟಿ ಸೀಟಿನ 'ಫಾರ್ಮುಲಾ ಮಾರುತಿ' ಕಾರುಗಳನ್ನು ಕಟ್ಟಿದರು. ಭಾರತದ ಮೊದಲ ಫಾರ್ಮುಲಾ ಒನ್ ಚಾಲಕ ನಾರಾಯಣ್ ಕಾರ್ತಿಕೇಯನ್ ಓಟ ಕಲಿತದ್ದು ಅಂಥ ಕಾರಿನಲ್ಲಿ. ಕರಿವರ್ಧನ್ 1995ರಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡರು. 2003ರಲ್ಲಿ ಕೊಯಮತ್ತೂರಿನ ಚೆಟ್ಟಿಪಾಳಯಂನಲ್ಲಿ ಶುರುವಾದ ಕರಿ ಮೋಟಾರ್ ಸ್ಪೀಡ್‌ವೇಗೆ ಅವರದೇ ಹೆಸರು. ಈ ದೇಶದಲ್ಲಿ ರೇಸ್ ಎಂಬುದು ಸಿರಿವಂತರ ಮಕ್ಕಳಾಚೆಗೂ ಒಂದಿಷ್ಟು ಹರಡಿದ್ದರೆ, ಅದಕ್ಕೆ ಮಾರುತಿ 800ರ 796 ಸಿಸಿಯ ಆ ಮೂರು ಸಿಲಿಂಡರುಗಳ ಋಣ ದೊಡ್ಡದು.

ಹೈದರಾಬಾದಿನಲ್ಲಿ ಹಳೆಯ ಕಾರಿನ ಮೇಲಿನ ಪ್ರೀತಿಗೆ ಬೇರೆ ಬೇರೆ ಮುಖಗಳಿವೆ. ಚೌಮಹಲ್ಲಾ ಅರಮನೆಯಲ್ಲಿ ನಿಂತಿರುವ ಹಳದಿ ಬಣ್ಣದ 1912ರ ರೋಲ್ಸ್ ರಾಯ್ಸ್ ಸಿಲ್ವರ್ ಘೋಸ್ಟ್ ಆರನೆಯ ನಿಜಾಮ ಮಹಬೂಬ್ ಅಲಿ ಖಾನ್ ಕಾಲದಲ್ಲಿ ಆರ್ಡರ್ ಮಾಡಿದ್ದು. ಅದರ ಪುನರುಜ್ಜೀವನದ ಗುರಿ, ಕಾರ್ಖಾನೆಯಿಂದ ಬಂದ ದಿನ ಹೇಗಿತ್ತೋ ಹಾಗೆ ಕಾಣುವಂತೆ ಮಾಡುವುದು. ಬಹದ್ದೂರ್‌ಪುರದ ಸುಧಾ ಕಾರ್ ಮ್ಯೂಸಿಯಂನಲ್ಲಿ ಕೆ. ಸುಧಾಕರ್ ಅವರ ದಾರಿ ಇದಕ್ಕೆ ತೀರಾ ಬೇರೆ. ಗುಜರಿ ಸಾಮಾನಿನಿಂದ ಬದನೆಕಾಯಿ, ಕ್ರಿಕೆಟ್ ಬ್ಯಾಟು, ಹೆಲ್ಮೆಟ್, ಕ್ಯಾಮೆರಾ ಆಕಾರದ ಕಾರುಗಳನ್ನು ಕಟ್ಟಿ ಓಡಿಸಿ ತೋರಿಸಿದವರು ಅವರು. 2005ರಲ್ಲಿ ಲೋಕದ ಅತಿ ದೊಡ್ಡ ಮೂರುಗಾಲಿ ಸೈಕಲ್ ಕಟ್ಟಿ ಗಿನ್ನೆಸ್ ದಾಖಲೆಗೂ ಸೇರಿದರು. ರೇಸ್ ಕಾರಿನ ಕೆಲಸ ಇವೆರಡರ ನಡುವೆ ನಿಲ್ಲುತ್ತದೆ. ಮೂಲರೂಪದ ಹಂಗು ಅದಕ್ಕಿಲ್ಲ, ಹೊಸ ಆಕಾರದ ಹಂಬಲವೂ ಇಲ್ಲ. ಗಂಟೆಗೆ 140 ಕಿಲೋಮೀಟರ್ ವೇಗದಲ್ಲಿ ಒಳಗೆ ಕೂತವರು ಮರಳಿ ಮನೆಗೆ ಬರಬೇಕು, ಕಾರು ಕೊನೆಯ ಲ್ಯಾಪ್‌ವರೆಗೆ ನಿಲ್ಲದೆ ಓಡಬೇಕು. ಹಣ ಖರ್ಚಾಗಬೇಕಾದ ಕ್ರಮವನ್ನು ಈ ಎರಡು ಅಗತ್ಯಗಳೇ ತೀರ್ಮಾನಿಸುತ್ತವೆ: ಮೊದಲು ಚಾಲಕರನ್ನು ಕಾಪಾಡುವುದು, ಆಮೇಲೆ ನಿಲ್ಲಿಸುವುದು, ಆಮೇಲೆ ತಣ್ಣಗಿಡುವುದು. ವೇಗ ಹೆಚ್ಚಿಸುವ ಸರದಿ ಕಡೆಯದು. ಅನೇಕ ಕಾರುಗಳು ಅರ್ಧಕ್ಕೇ ನಿಂತುಹೋಗುವುದು ಈ ಕ್ರಮ ತಲೆಕೆಳಗಾದಾಗ.

ಕಾರು ಆರಿಸುವಾಗ ಎಂಜಿನ್‌ಗಿಂತ ಮೊದಲು ನೋಡಬೇಕಾದದ್ದು ತಗಡು. ಎಂಜಿನ್ ಬದಲಾಯಿಸಬಹುದು, ತುಕ್ಕು ತಿಂದ ಮೈಯನ್ನು ಸರಿಮಾಡುವುದು ಹೊಸದಾಗಿ ಕಟ್ಟಿದಷ್ಟೇ ಕಷ್ಟ. ಈ ವಿಷಯದಲ್ಲಿ ದಖ್ಖನಿನ ಒಣಹವೆ ದೊಡ್ಡ ಅನುಕೂಲ; ಮಂಗಳೂರು, ಕಾಸರಗೋಡು, ಚೆನ್ನೈಗಳ ಉಪ್ಪುಗಾಳಿಯಲ್ಲಿ ಇಪ್ಪತ್ತು ವರ್ಷ ನಿಂತ ಕಾರಿಗೂ ಹೈದರಾಬಾದಿನಲ್ಲಿ ಅಷ್ಟೇ ಕಾಲ ನಿಂತ ಕಾರಿಗೂ ಅಜಗಜಾಂತರ. ಆದರೆ ಒಂದು ಎಚ್ಚರಿಕೆ ಬೇಕು. 2020ರ ಅಕ್ಟೋಬರ್ 13ರ ರಾತ್ರಿ ಸುರಿದ ಮಳೆಗೆ ಟೋಲಿಚೌಕಿಯ ನದೀಂ ಕಾಲೋನಿ, ಫಲಕ್‌ನುಮಾದ ಅಲ್ ಜುಬೈಲ್ ಕಾಲೋನಿಯಂಥ ಕಡೆ ಕಾರುಗಳು ನೀರಿನಡಿ ಮುಳುಗಿದ್ದವು. ಹಾಗೆ ಮುಳುಗಿದ ಕಾರನ್ನು ತೊಳೆದು ಬಣ್ಣ ಹೊಡೆದರೂ ಸೀಟ್ ಬೆಲ್ಟ್ ಸುಳ್ಳು ಹೇಳುವುದಿಲ್ಲ: ಪಟ್ಟಿಯನ್ನು ಪೂರ್ತಿ ಹೊರಗೆಳೆದರೆ, ಸುರುಳಿಯೊಳಗೆ ಉಳಿದಿದ್ದ ಭಾಗದಲ್ಲಿ ಕೆಸರಿನ ಗೆರೆ ಕಾಣುತ್ತದೆ. ಸ್ಟೆಪ್ನಿ ಇಡುವ ಗುಂಡಿ, ಸೀಟಿನ ಹಳಿಗಳ ಅಡಿ, ಡ್ಯಾಶ್‌ಬೋರ್ಡಿನ ಹಿಂಭಾಗ ಕೂಡ ನೋಡಬೇಕಾದ ಜಾಗಗಳು. ಬಾಗಿಲ ಕೆಳಗಿನ ಪೆಟ್ಟಿಗೆತೊಲೆ, ಮುಂದಿನ ಸಸ್ಪೆನ್ಷನ್‌ನ ತಲೆ ಕೂರುವ ಗೋಪುರ, ಹಿಂದಿನ ಸಸ್ಪೆನ್ಷನ್ ಬಿಗಿದ ಜಾಗ, ಈ ಮೂರನ್ನು ಸ್ಕ್ರೂಡ್ರೈವರ್‌ನ ಹಿಡಿಯಿಂದ ತಟ್ಟಿದಾಗ ಟಣ್ ಎಂದರೆ ಸರಿ. ಮಂಕಾದ ಸದ್ದು ಬಂದರೆ, ತುದಿ ಒತ್ತಿದಾಗ ಒಳಹೊಕ್ಕರೆ, ಆ ಕಾರನ್ನು ಬಿಟ್ಟು ಮುಂದಿನದನ್ನು ಹುಡುಕುವುದೇ ಉಳಿತಾಯ.

ತಗಡಿನ ನಂತರ ಕಾಗದ. ಆರ್‌ಸಿ ಇಲ್ಲದ, ಚಾಸಿ ನಂಬರ್ ಉಜ್ಜಿಹೋದ ಕಾರನ್ನು ಮುಟ್ಟಲೇಬಾರದು. ಕಳವಿನ ಮಾಲಾಗಿದ್ದರೆ ಕೊಂಡವರ ತಲೆಗೇ ಬರುತ್ತದೆ. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ, ನಂತರ ತಪಾಸಣೆ ಮಾಡಿಸಿ ಐದೈದು ವರ್ಷಕ್ಕೆ ನವೀಕರಣ. ಮೋಟಾರು ವಾಹನ ಕಾಯ್ದೆಯ 52ನೇ ಕಲಮು, ತಯಾರಕರು ಕೊಟ್ಟ ಮೂಲ ವಿವರ ಬದಲಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ತಡೆಯುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೇರಳದ ಪ್ರಕರಣವೊಂದರಲ್ಲಿ ಇದನ್ನೇ ಎತ್ತಿಹಿಡಿಯಿತು. ಅಂದರೆ ಒಳಸೀಟು ಕಿತ್ತು ಪಂಜರ ಬೆಸೆದ ಕಾರು ರಸ್ತೆಗೆ ಇಳಿಯುವಂತಿಲ್ಲ. ರಸ್ತೆಯ ಬಾಳು ಮುಗಿದ ಕಾರಿನ ನೋಂದಣಿಯನ್ನು 55ನೇ ಕಲಮಿನ ಪ್ರಕಾರ ಆರ್‌ಟಿಒ ಕಚೇರಿಯಲ್ಲಿ ರದ್ದು ಮಾಡಿಸಿ, ಆ ಪತ್ರವನ್ನು ಕಾರಿನ ಜತೆ ಇಟ್ಟುಕೊಳ್ಳುವುದು ನೇರವಾದ ದಾರಿ. ಅಲ್ಲಿಂದ ಮುಂದೆ ಕಾರು ಎಲ್ಲಿಗೆ ಹೋದರೂ ಟ್ರೇಲರ್ ಮೇಲೆ. ಸಾರ್ವಜನಿಕ ರಸ್ತೆಯಲ್ಲಿ ಅನುಮತಿಯಿಲ್ಲದೆ ಪೈಪೋಟಿ ಓಡಿಸಿದರೆ 189ನೇ ಕಲಮಿನಡಿ ಮೊದಲ ಸಲಕ್ಕೆ ಮೂರು ತಿಂಗಳವರೆಗೆ ಸೆರೆ ಅಥವಾ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಮರುಕಳಿಸಿದರೆ ಒಂದು ವರ್ಷ, 10,000 ರೂಪಾಯಿ. ಹೊರವರ್ತುಲ ರಸ್ತೆಯಲ್ಲಿ ರಾತ್ರಿ ಕಾರು ಹಾರಿಸುವ ಹುಡುಗರಿಗೆ ಯಾರಾದರೂ ಬಿಡಿಸಿ ಹೇಳಬೇಕಾದ ಮಾತು ಇದು. ಟ್ರ್ಯಾಕ್ ಮೇಲೆ ಎದುರಿನಿಂದ ಲಾರಿ ಬರುವುದಿಲ್ಲ, ಪಕ್ಕದಲ್ಲೇ ಆಂಬುಲೆನ್ಸ್ ನಿಂತಿರುತ್ತದೆ.

ಕೆಲಸ ಶುರುವಾಗುವುದು ಕಿತ್ತುಹಾಕುವುದರಿಂದ. ಸೀಟು, ಜಮಖಾನೆ, ಬಾಗಿಲಿನ ಹೊದಿಕೆ, ಛಾವಣಿಯ ಬಟ್ಟೆ, ಏಸಿ, ಸ್ಟೀರಿಯೊ ಎಲ್ಲ ಹೊರಗೆ. ನೆಲದ ತಗಡಿಗೆ ಸದ್ದಡಗಿಸಲು ಅಂಟಿಸಿರುವ ಡಾಂಬರಿನ ಹಾಳೆಯನ್ನು ಹೀಟ್ ಗನ್‌ನಿಂದ ಬಿಸಿಮಾಡಿ ಅಗಲ ಉಳಿಯಿಂದ ಕೆರೆಯುತ್ತಾರೆ. ಬೇಸರದ ಕೆಲಸವಾದರೂ ತಗಡಿನ ನಿಜಸ್ಥಿತಿ ಕಣ್ಣಿಗೆ ಬೀಳುವುದು ಆಗಲೇ. ಹಳೆಯ ವೈರಿಂಗ್ ಕಟ್ಟನ್ನು ಇಡಿಯಾಗಿ ತೆಗೆದು, ಇಗ್ನಿಷನ್, ಸ್ಟಾರ್ಟರ್, ಇಂಧನ ಪಂಪು, ರೇಡಿಯೇಟರ್ ಫ್ಯಾನು, ವೈಪರ್, ಬ್ರೇಕ್ ದೀಪ ಇಷ್ಟಕ್ಕೆ ಮಾತ್ರ ಹೊಸ ತಂತಿ ಎಳೆಯುವುದು ಒಳ್ಳೆಯದು. ಇಲಿ ಕಡಿದ ತಂತಿಯೊಂದು ರೇಸಿನ ನಡುವೆ ಎಂಜಿನ್ ನಿಲ್ಲಿಸುತ್ತದೆ, ಕೆಟ್ಟ ಗಳಿಗೆಯಲ್ಲಿ ಬೆಂಕಿಯನ್ನೂ ಹಚ್ಚುತ್ತದೆ.

ಎಂಜಿನ್‌ನ ಆರೋಗ್ಯ ತಿಳಿಯಲು ಬಿಚ್ಚಬೇಕಾಗಿಲ್ಲ. ವರ್ಷಗಟ್ಟಲೆ ನಿಂತ ಎಂಜಿನ್‌ಗೆ ನೇರವಾಗಿ ಕೀಲಿ ತಿರುಗಿಸಿದರೆ ಒಣಗಿದ ಸಿಲಿಂಡರ್ ಗೋಡೆಗೆ ಗೀರು ಬೀಳುತ್ತದೆ. ಸ್ಪಾರ್ಕ್ ಪ್ಲಗ್ ತೆಗೆದು, ಪ್ರತಿ ಸಿಲಿಂಡರಿಗೆ ಒಂದಿಷ್ಟು ಎಣ್ಣೆ ಬಿಟ್ಟು, ಒಂದು ರಾತ್ರಿ ಕಾದು, ಕ್ರ್ಯಾಂಕ್ ಶಾಫ್ಟನ್ನು ಸ್ಪ್ಯಾನರಿನಿಂದ ಕೈಯಲ್ಲೇ ತಿರುಗಿಸಿ ನೋಡುವುದು ಮೊದಲ ಹೆಜ್ಜೆ. ಹಳೆಯ ಪೆಟ್ರೋಲ್ ಅಂಟು ಅಂಟಾಗಿರುತ್ತದೆ. ಟ್ಯಾಂಕ್ ಇಳಿಸಿ ತೊಳೆಯಬೇಕು. ಟೈಮಿಂಗ್ ಬೆಲ್ಟ್ ನೋಡಲು ಚೆನ್ನಾಗಿದ್ದರೂ ಬದಲಾಯಿಸಬೇಕು. ಎಂಜಿನ್ ಓಡಿ ಬಿಸಿಯಾದ ಮೇಲೆ ಕಂಪ್ರೆಷನ್ ಗೇಜ್ ಹಚ್ಚಿದರೆ ಆರೋಗ್ಯವಂತ ಸಿಲಿಂಡರ್ 200 ಪಿಎಸ್ಐ ಆಸುಪಾಸು ತೋರಿಸುತ್ತದೆ. 170ಕ್ಕಿಂತ ಕೆಳಗಿಳಿದರೆ, ಅಥವಾ ಒಂದಕ್ಕೂ ಇನ್ನೊಂದಕ್ಕೂ 15ರಷ್ಟು ಅಂತರ ಕಂಡರೆ ಒಳಗೆ ಸವೆತವಿದೆ. ಕಡಿಮೆ ತೋರಿಸಿದ ಸಿಲಿಂಡರಿಗೆ ಒಂದು ಚಮಚ ಎಣ್ಣೆ ಹಾಕಿ ಮತ್ತೆ ಅಳೆಯುತ್ತಾರೆ. ಅಂಕಿ ಏರಿದರೆ ದೋಷ ಪಿಸ್ಟನ್ ರಿಂಗಿನದು, ಏರದಿದ್ದರೆ ವಾಲ್ವಿನದು. ಅಕ್ಕಪಕ್ಕದ ಎರಡೂ ಒಟ್ಟಿಗೆ ಬಿದ್ದಿದ್ದರೆ ಹೆಡ್ ಗ್ಯಾಸ್ಕೆಟ್ ಸುಟ್ಟಿರುವ ಸಂಭವ ಹೆಚ್ಚು. ಅಂಕಿಗಳು ಸರಿಯಿದ್ದ ಎಂಜಿನನ್ನು ಮೊದಲ ವರ್ಷ ಹಾಗೆಯೇ ಬಿಡುವುದು ಜಾಣತನ. ಕ್ಯಾಮ್‌ಶಾಫ್ಟ್ ಬದಲಿಸಿ, ಹೆಡ್ ಕೆತ್ತಿಸಿ ಹತ್ತು ಅಶ್ವಶಕ್ತಿ ಹೆಚ್ಚಿಸುವ ಹಣದಲ್ಲಿ ಹಲವು ದಿನ ಟ್ರ್ಯಾಕ್‌ನಲ್ಲಿ ಓಡಿಸಿ ಕಲಿಯಬಹುದು. ಹೊಸಬರ ಲ್ಯಾಪ್ ಸಮಯ ಇಳಿಯುವುದು ಆ ಕಲಿಕೆಯಿಂದಲೇ.

ಖರ್ಚಿನಲ್ಲಿ ಕೈ ಬಿಗಿಹಿಡಿಯಬಾರದ ಜಾಗ ರೋಲ್ ಕೇಜ್, ಅಂದರೆ ಕಾರಿನೊಳಗಿನ ಉಕ್ಕಿನ ಪಂಜರ. ಕಾರು ಮಗುಚಿದಾಗ ಛಾವಣಿ ಚಾಲಕರ ತಲೆಯ ಮೇಲೆ ಕುಸಿಯದಂತೆ ತಡೆಯುವುದು ಅದೊಂದೇ. ಅಂತರರಾಷ್ಟ್ರೀಯ ಆಟೊಮೊಬೈಲ್ ಒಕ್ಕೂಟ ಎಫ್ಐಎ ನಿಯಮದಂತೆ ಮುಖ್ಯ ಕಮಾನಿಗೆ ಬೆಸುಗೆಗೆರೆ ಇಲ್ಲದ, ತಣ್ಣಗೆ ಎಳೆದ ಇಂಗಾಲ ಉಕ್ಕಿನ ಕೊಳವೆಯೇ ಬೇಕು: 45 ಮಿ.ಮೀ. ವ್ಯಾಸ, 2.5 ಮಿ.ಮೀ. ದಪ್ಪ, ಇಲ್ಲವೇ 50 ಮಿ.ಮೀ. ವ್ಯಾಸ, 2 ಮಿ.ಮೀ. ದಪ್ಪ. ಉಳಿದ ಕೊಳವೆಗಳಿಗೆ 38ಕ್ಕೆ 2.5 ಅಥವಾ 40ಕ್ಕೆ 2. ಬಗ್ಗಿಸಿದ ಕಡೆ ತಿರುವಿನ ತ್ರಿಜ್ಯ ಕೊಳವೆಯ ವ್ಯಾಸದ ಮೂರು ಪಟ್ಟಿಗಿಂತ ಕಡಿಮೆ ಇರಬಾರದು, ಬಗ್ಗಿದ ಒಳಮಗ್ಗುಲು ಸುಕ್ಕಾಗಬಾರದು. ಕಾಲುಗಳು ನೆಲಕ್ಕೆ ತಾಗುವಲ್ಲಿ ಕನಿಷ್ಠ 3 ಮಿ.ಮೀ. ದಪ್ಪದ ತಗಡಿನ ಪಾದ. ಮುಖ್ಯ ಕಮಾನಿನಡಿ ಅದರ ವಿಸ್ತೀರ್ಣ 120 ಚದರ ಸೆಂ.ಮೀ.ಗೆ ಕಡಿಮೆಯಿಲ್ಲದಂತೆ. ಅಗ್ಗವೆಂದು ನೀರಿನ ಜಿಐ ಪೈಪು ತಂದು ಬೆಸೆಯುವ ಗ್ಯಾರೇಜುಗಳಿವೆ. ಅದರ ಉಕ್ಕಿಗೆ ಆ ಬಲವಿಲ್ಲ, ಮೇಲಿನ ಸತು ಬೆಸುಗೆಯನ್ನು ಕೆಡಿಸುತ್ತದೆ, ಅದರ ಹೊಗೆ ಬೆಸೆಯುವವರಿಗೂ ವಿಷ. ತಪಾಸಣೆಗೆ ಬಂದವರು ಕೊಳವೆಗೆ ಸಣ್ಣ ತೂತು ಕೊರೆಸಿಯೋ ಮೀಟರ್ ಹಿಡಿದೋ ದಪ್ಪ ಅಳೆದಾಗ ಕಾರು ಅಲ್ಲೇ ಹೊರಗುಳಿಯುತ್ತದೆ.

ಪಂಜರ ಕಟ್ಟುವ ಬಗೆಯಲ್ಲಿ ಒಂದು ಸೂಕ್ಷ್ಮವಿದೆ. ಕೊಳವೆಗಳನ್ನು ಛಾವಣಿಗೆ ಒತ್ತಿದಂತೆ ಕೂರಿಸಿದರೇ ಚಾಲಕರ ತಲೆಗೆ ಜಾಗ ಉಳಿಯುವುದು. ಆದರೆ ಹಾಗೆ ಕೂರಿಸಿದರೆ ಮೇಲಿನ ಕೀಲುಗಳ ಹಿಂಬದಿಗೆ ವೆಲ್ಡಿಂಗ್ ಟಾರ್ಚ್ ಹೋಗುವುದಿಲ್ಲ, ಬೆಸುಗೆ ಮುಕ್ಕಾಲು ಸುತ್ತಿಗೇ ನಿಂತುಬಿಡುತ್ತದೆ. ಇದಕ್ಕೆ ಬಲ್ಲ ಮಿಸ್ತ್ರಿಗಳು ಮಾಡುವ ಉಪಾಯ ಹೀಗೆ: ಪಂಜರವನ್ನು ಕಾರಿನೊಳಗೆ ಚುಕ್ಕೆ ಬೆಸುಗೆಯಲ್ಲಿ ಜೋಡಿಸಿ, ಅದರ ಕಾಲುಗಳಡಿಯ ನೆಲದಲ್ಲಿ ದುಂಡು ತೂತು ಕತ್ತರಿಸಿ, ಇಡೀ ಪಂಜರವನ್ನು ಆ ತೂತುಗಳ ಮೂಲಕ ಒಂದು ಗೇಣು ಕೆಳಗಿಳಿಸುತ್ತಾರೆ. ಈಗ ಛಾವಣಿಗೂ ಕೊಳವೆಗೂ ನಡುವೆ ಕೈಯಾಡುತ್ತದೆ. ಮೇಲಿನ ಕೀಲುಗಳಿಗೆ ಸುತ್ತಲೂ ಬೆಸುಗೆ ಹಾಕಿ, ಪಂಜರವನ್ನು ಮತ್ತೆ ಎತ್ತಿ, ತೂತುಗಳ ಮೇಲೆ ದಪ್ಪ ಪಾದದ ತಗಡು ಕೂರಿಸಿ ಬೆಸೆಯುತ್ತಾರೆ. ಒಂದೆರಡು ದಿನದ ಹೆಚ್ಚಿನ ದುಡಿಮೆ ಅಷ್ಟೆ. ಅಪಘಾತದಲ್ಲಿ ಪಂಜರ ಬಾಗುವುದಕ್ಕೂ ಕೀಲು ಕಿತ್ತುಬರುವುದಕ್ಕೂ ಇರುವ ವ್ಯತ್ಯಾಸ ಆ ದುಡಿಮೆಯಲ್ಲಿದೆ.

ಸೀಟು ಒಂದೇ ಅಚ್ಚಿನದಾಗಿರಬೇಕು; ಎಫ್ಐಎ 8855-1999 ಗುರುತಿನದಾಗಿದ್ದರೆ ತಯಾರಾದಲ್ಲಿಂದ ಐದು ವರ್ಷ ಬಾಳಿಕೆ. ಹಾರ್ನೆಸ್ ಬೆಲ್ಟಿನ ಭುಜದ ಪಟ್ಟಿಗಳು ಹಿಂದಿನ ಅಡ್ಡಕೊಳವೆಗೆ ಹೆಚ್ಚು ಇಳಿಜಾರಿಲ್ಲದೆ ಹೋಗಬೇಕು. ಅವನ್ನು ಸೀದಾ ನೆಲಕ್ಕೆ ಬಿಗಿದರೆ ಡಿಕ್ಕಿಯ ಹೊತ್ತಿಗೆ ಬೆನ್ನುಮೂಳೆಯನ್ನೇ ಕೆಳಗೆ ಅದುಮುತ್ತವೆ. ಕೈಗೆಟುಕುವ ಅಗ್ನಿಶಾಮಕ, ತಲೆ ತಾಗಬಹುದಾದ ಕೊಳವೆಗೆ ಮೆತ್ತೆ, ಒಳಗಿನಿಂದಲೂ ಹೊರಗಿನಿಂದಲೂ ವಿದ್ಯುತ್ ಕಡಿದು ಎಂಜಿನ್ ನಿಲ್ಲಿಸುವ ಸ್ವಿಚ್ಚು, ಹೊರಗಿನ ಸ್ವಿಚ್ಚಿನ ಬಳಿ ನೀಲಿ ತ್ರಿಕೋನದಲ್ಲಿ ಕೆಂಪು ಮಿಂಚಿನ ಗುರುತು, ಇವೂ ಕಡ್ಡಾಯ. ಇವೆಲ್ಲದರ ಬೆಲೆ ಕೂಡಿಸಿದರೆ ಕಾರಿನ ಬೆಲೆಯನ್ನು ಮೀರುವುದುಂಟು. ಅದರಲ್ಲಿ ವಿಚಿತ್ರವೇನಿಲ್ಲ. ಅಮೆರಿಕದಲ್ಲಿ 2006ರಲ್ಲಿ ಜೇ ಲ್ಯಾಮ್ ಶುರುಮಾಡಿದ '24 ಅವರ್ಸ್ ಆಫ್ ಲೆಮನ್ಸ್' ಎಂಬ ರೇಸ್ ಸರಣಿಯಲ್ಲಿ ಕಾರಿನ ಖರ್ಚು 500 ಡಾಲರ್ ಮೀರಬಾರದೆಂಬ ನಿಯಮ ಪ್ರಸಿದ್ಧ. ಆದರೆ ಪಂಜರ, ಸೀಟು, ಬೆಲ್ಟು, ಬ್ರೇಕು, ಟೈರುಗಳನ್ನು ಆ ಲೆಕ್ಕದಿಂದ ಹೊರಗಿಟ್ಟಿದ್ದಾರೆ. ಲೋಕದ ಅತಿ ಅಗ್ಗದ ರೇಸ್ ಕೂಡ ಜೀವದ ವಿಷಯದಲ್ಲಿ ಅಗ್ಗ ಹುಡುಕುವುದಿಲ್ಲ.

ಇನ್ನು ಬ್ರೇಕು. ಚಾಲಕರೂ ಸೇರಿ 925 ಕಿಲೋ ತೂಗುವ ಕಾರು 140 ಕಿ.ಮೀ. ವೇಗದಿಂದ 60ಕ್ಕೆ ಇಳಿದಾಗ ಹೊರಬೀಳುವ ಶಾಖ ಸುಮಾರು ಎರಡು ಲೀಟರ್ ನೀರನ್ನು ಕೋಣೆಯ ಬಿಸಿಯಿಂದ ಕುದಿಸಲು ಸಾಕಾಗುತ್ತದೆ. ಅಷ್ಟು ಶಾಖ ಕೆಲವೇ ಸೆಕೆಂಡುಗಳಲ್ಲಿ, ಬಹುಪಾಲು ಮುಂದಿನ ಎರಡು ಡಿಸ್ಕುಗಳ ಮೇಲೆ ಬೀಳುತ್ತದೆ, ಮತ್ತೆ ಪ್ರತಿ ಲ್ಯಾಪಿನಲ್ಲೂ ಹಲವು ಸಲ. ಬ್ರೇಕ್ ಎಣ್ಣೆ ಗಾಳಿಯ ತೇವವನ್ನು ಹೀರುತ್ತದೆ; ಡಾಟ್ 4 ದರ್ಜೆಯ ಹೊಸ ಎಣ್ಣೆ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯದಿದ್ದರೆ, ನೀರು ಹೀರಿದ್ದಕ್ಕೆ ಆ ಮಿತಿ 155ಕ್ಕೆ ಇಳಿಯುತ್ತದೆ. ಕುದಿದ ಎಣ್ಣೆಯಲ್ಲಿ ಆವಿಯ ಗುಳ್ಳೆ ಏಳುತ್ತದೆ, ಆವಿ ಒತ್ತಿದರೆ ಕುಗ್ಗುತ್ತದೆ, ಪೆಡಲು ನೆಲ ಮುಟ್ಟುತ್ತದೆ. ಮೂಲೆಯಲ್ಲಿ ನಿಂತಿದ್ದ ಕಾರಿನ ಕ್ಯಾಲಿಪರ್ ಪಿಸ್ಟನ್‌ಗಳು ತುಕ್ಕಿಗೆ ಅಂಟಿರುತ್ತವೆ, ರಬ್ಬರ್ ಹೋಸುಗಳು ಒಳಗೇ ಊದಿರುತ್ತವೆ. ಮಾಸ್ಟರ್ ಸಿಲಿಂಡರ್, ಸೀಲು, ಹೋಸು, ಪೈಪು ಎಲ್ಲ ಹೊಸದು ಹಾಕಿ, ಬಿಸಿ ತಾಳುವ ಪ್ಯಾಡು ಕೂರಿಸಿ, ಮುಂದಿನ ಬಂಪರಿನಿಂದ ಡಿಸ್ಕಿಗೆ ಗಾಳಿಯ ಕೊಳವೆ ಎಳೆದರೆ ಎಸ್ಟೀಮ್‌ನ ಮೂಲ ಬ್ರೇಕೇ ಸಣ್ಣ ಓಟಗಳಿಗೆ ಸಾಕು.

ತಂಪಿನ ವ್ಯವಸ್ಥೆಗೆ ದೊಡ್ಡ ಖರ್ಚಿಲ್ಲ, ಗಮನ ಬೇಕು. ರೇಡಿಯೇಟರಿನ ಒಳಗಿನ ಕಲ್ಮಷ ತೆಗೆಸಬೇಕು ಇಲ್ಲವೇ ಹೊಸ ಕೋರ್ ಹಾಕಿಸಬೇಕು; ಹೋಸು, ನೀರಿನ ಪಂಪು, ಮುಚ್ಚಳ ಹೊಸದಾಗಿರಬೇಕು. ಎಂಜಿನ್ ಎಣ್ಣೆಯ ಕಥೆ ಬೇರೆ. ಉದ್ದದ ತಿರುವಿನಲ್ಲಿ ತಳದ ಸಂಪಿನ ಎಣ್ಣೆ ಒಂದು ಮಗ್ಗುಲಿಗೆ ಸರಿದು, ಹೀರುಕೊಳವೆ ಗಾಳಿ ಎಳೆಯುತ್ತದೆ. ಅಷ್ಟರಲ್ಲೇ ಬೇರಿಂಗ್ ಸವೆಯುತ್ತದೆ. ಸಂಪನ್ನು ಇಳಿಸಿ ಒಳಗೆ ಅಡ್ಡ ತಗಡುಗಳನ್ನು ಬೆಸೆದರೆ ಎಣ್ಣೆ ಕೊಳವೆಯ ಸುತ್ತಲೇ ಉಳಿಯುತ್ತದೆ. ಬಾಲಾನಗರದ ಯಾವ ಸಣ್ಣ ಕಾರ್ಯಾಗಾರದಲ್ಲಿ ಕೇಳಿದರೂ ಮಾಡಿಕೊಡಬಲ್ಲ ಕೆಲಸವಿದು. ಎಚ್‌ಎಎಲ್, ಐಡಿಪಿಎಲ್‌ನಂಥ ಸಾರ್ವಜನಿಕ ಕಾರ್ಖಾನೆಗಳ ನೆರಳಲ್ಲಿ ಬೆಳೆದ ಆ ಪ್ರದೇಶದ ಲೇತ್ ಮತ್ತು ಮಿಲ್ಲಿಂಗ್ ಅಂಗಡಿಗಳ ಕೈಚಳಕ ರೇಸ್ ಕಟ್ಟುವವರಿಗೆ ದೊಡ್ಡ ಆಸ್ತಿ. ಬಿಡಿಭಾಗಕ್ಕೆ ಸಿಕಂದರಾಬಾದಿನ ರಾಣಿಗಂಜ್. ಹಳೆಯ ಗೇರ್‌ಬಾಕ್ಸು, ಆಕ್ಸಲ್, ಬಾಗಿಲುಗಳಿಗೆ ಗುಜರಿಯವರು. ಬೆಂಗಳೂರಿನವರಿಗೆ ಜೆ.ಸಿ. ರಸ್ತೆ, ಶಿವಾಜಿನಗರ ಹೇಗೋ ಹಾಗೆ.

ಇತ್ತೀಚೆಗೆ ಸೇರಿಕೊಂಡ ಹೊಸ ತೊಡಕು ಇಂಧನದ್ದು. ಶೇ 20 ಎಥನಾಲ್ ಬೆರೆತ ಪೆಟ್ರೋಲ್ 2023ರಿಂದ ದೇಶದಲ್ಲಿ ಹಂತಹಂತವಾಗಿ ಬಂದು ಈಗ ಬಂಕುಗಳಲ್ಲಿ ಸಾಮಾನ್ಯವಾಗಿದೆ. ತೊಂಬತ್ತರ ದಶಕದ ಕಾರಿನ ಇಂಧನ ಹೋಸು, ಕಾರ್ಬ್ಯುರೇಟರ್‌ನ ರಬ್ಬರು ಎಥನಾಲ್‌ಗೆಂದು ಮಾಡಿದ್ದಲ್ಲ, ಊದುತ್ತವೆ, ಬಿರಿಯುತ್ತವೆ. ಬಿಸಿ ಎಕ್ಸಾಸ್ಟಿನ ಪಕ್ಕ ಸೋರುವ ಹೋಸು ಎಂದರೆ ಬೆಂಕಿಗೆ ಆಹ್ವಾನ, ಹಾಗಾಗಿ ಅವೆಲ್ಲ ಎಥನಾಲ್ ತಾಳುವ ಹೊಸ ಹೋಸುಗಳಾಗಬೇಕು. ಅಪ್ಪಟ ಪೆಟ್ರೋಲ್ ಪೂರ್ತಿ ಉರಿಯಲು ತೂಕದಲ್ಲಿ 14.7 ಪಾಲು ಗಾಳಿ ಬೇಕಾದರೆ ಈ ಮಿಶ್ರಣಕ್ಕೆ ಸುಮಾರು 13.5 ಸಾಕು, ಕಾರ್ಬ್ಯುರೇಟರ್‌ನಲ್ಲಿ ಇಂಧನ ಹಾಯುವ ಹಳೆಯ ಜೆಟ್ ಹಾಗೇ ಬಿಟ್ಟರೆ ಇಂಧನ ಸಾಲದೆ ಎಂಜಿನ್ ಅತಿಯಾಗಿ ಕಾಯುತ್ತದೆ, ದಪ್ಪ ಜೆಟ್ ಹಾಕಬೇಕಾಗುತ್ತದೆ. ಇದರ ಜತೆ ಎತ್ತರದ ಲೆಕ್ಕವೂ ಸೇರುತ್ತದೆ. ಹೈದರಾಬಾದ್ ಸಮುದ್ರಮಟ್ಟದಿಂದ 500 ಮೀಟರಿಗೂ ಮೇಲೆ, ಬೆಂಗಳೂರು 900 ಮೀಟರಿಗೂ ಮೇಲೆ. ಈ ಊರುಗಳಲ್ಲಿ ಕಾರ್ಬ್ಯುರೇಟರ್ ಹದ ಮಾಡಿ ಕಡಲ ತೀರದ ಚೆನ್ನೈಗೆ ಒಯ್ದರೆ ಅಲ್ಲಿನ ಗಾಳಿ ಹೆಚ್ಚು ಸಾಂದ್ರ, ಮಿಶ್ರಣ ಇನ್ನಷ್ಟು ತೆಳುವಾಗುತ್ತದೆ. ಟ್ರ್ಯಾಕಿಗೆ ಹೋಗುವವರ ಪೆಟ್ಟಿಗೆಯಲ್ಲಿ ಎರಡು ಮೂರು ಅಳತೆಯ ಜೆಟ್ ಇರಬೇಕಾದದ್ದು ಇದಕ್ಕೇ. ಎಂಪಿಎಫ್ಐ ಎಂಜಿನ್ ಗಾಳಿಯ ಒತ್ತಡವನ್ನು ತಾನೇ ಅಳೆದು ಹೊಂದಿಸಿಕೊಳ್ಳುತ್ತದೆ; ಅಷ್ಟರಮಟ್ಟಿಗೆ ಅದು ನೆಮ್ಮದಿ.

ಸಸ್ಪೆನ್ಷನ್‌ನಲ್ಲಿ ಸವೆದ ಬುಶ್, ಬಾಲ್ ಜಾಯಿಂಟು, ಸೋತ ಡ್ಯಾಂಪರ್ ಬದಲಿಸುವುದು ಮೊದಲ ಕೆಲಸ, ಗಟ್ಟಿ ಸ್ಪ್ರಿಂಗ್ ಆಮೇಲೆ. ಚಕ್ರಗಳ ಹೊಂದಿಕೆಗೆ ಕಂಪ್ಯೂಟರ್ ಯಂತ್ರವೇ ಬೇಕೆಂದಿಲ್ಲ. ಕಾರಿನ ಎರಡೂ ಮಗ್ಗುಲಿಗೆ ಗಾಳದ ದಾರವನ್ನು ಜ್ಯಾಕ್ ಸ್ಟ್ಯಾಂಡುಗಳ ನಡುವೆ ಬಿಗಿದು, ಎರಡು ದಾರಗಳ ನಡುವಿನ ಅಂತರ ಹಿಂದೂ ಮುಂದೂ ಒಂದೇ ಬರುವಂತೆ ಮಾಡಿ, ರಿಮ್ಮಿನ ಮುಂದಂಚು ಮತ್ತು ಹಿಂದಂಚಿನಿಂದ ದಾರಕ್ಕೆ ಎಷ್ಟು ಮಿಲಿಮೀಟರ್ ಎಂದು ಉಕ್ಕಿನ ಸ್ಕೇಲಿನಲ್ಲಿ ನೋಡಿದರೆ ಅರ್ಧ ಮಿಲಿಮೀಟರ್ ಆಚೀಚೆಗೆ ಲೆಕ್ಕ ಸಿಗುತ್ತದೆ. ತೂಗುಗುಂಡಿನಿಂದ ಚಕ್ರದ ವಾಲುವಿಕೆಯನ್ನೂ ಅಳೆಯಬಹುದು.

ಕಾರು ಸಿದ್ಧವಾದ ಮೇಲೆ ಅದನ್ನು ಎಲ್ಲಿ ಓಡಿಸುವುದು ಎಂಬ ಪ್ರಶ್ನೆ ಹೈದರಾಬಾದಿನವರಿಗೆ ನಿಜಕ್ಕೂ ನೋವಿನದು. 2023ರ ಫೆಬ್ರುವರಿ 11ರಂದು ಹುಸೇನ್ ಸಾಗರದ ದಡದಲ್ಲಿ 2.8 ಕಿ.ಮೀ.ಗಳ ಬೀದಿ ಟ್ರ್ಯಾಕ್ ಮೇಲೆ ಫಾರ್ಮುಲಾ ಇ ವಿದ್ಯುತ್ ಕಾರುಗಳು ಓಡಿದವು, ಫ್ರಾನ್ಸಿನ ಜಾನ್ ಎರಿಕ್ ವೆರ್ನ್ ಗೆದ್ದರು. 2024ರ ಓಟ ರದ್ದಾಯಿತು. ಆ ಒಂದು ದಿನದ ಸಂಭ್ರಮದಿಂದ ನಗರದ ಹವ್ಯಾಸಿಗಳಿಗೆ ಉಳಿದ ಟ್ರ್ಯಾಕ್ ಇಲ್ಲ. ಗೋಕಾರ್ಟ್ ಟ್ರ್ಯಾಕುಗಳು ಚಾಲನೆ ಕಲಿಯಲು ಒಳ್ಳೆಯವು, ಕಾರಿಗೆ ಸಾಲುವುದಿಲ್ಲ. ಕಾರನ್ನು ಟ್ರೇಲರ್ ಮೇಲೆ 600 ಕಿ.ಮೀ.ಗೂ ಹೆಚ್ಚು ದೂರ ಒಯ್ದರೆ ಚೆನ್ನೈ ಬಳಿಯ ಇರುಂಗಾಟ್ಟುಕೋಟೈ ಸಿಗುತ್ತದೆ: 1990ರಲ್ಲಿ ಶುರುವಾದ, 3.7 ಕಿ.ಮೀ. ಉದ್ದದ ಟ್ರ್ಯಾಕ್. ಅದಕ್ಕಿಂತ ದೂರ ಕೊಯಮತ್ತೂರಿನ ಕರಿ ಸ್ಪೀಡ್‌ವೇ, ಅದು 2.1 ಕಿ.ಮೀ.ಗಳದು, ನೇರ ದಾರಿ ಕಡಿಮೆ, ಹಾಗಾಗಿ ಸಣ್ಣ ಎಂಜಿನ್‌ಗೂ ಹೊಸ ಚಾಲಕರಿಗೂ ಹೆಚ್ಚು ಹೊಂದುತ್ತದೆ. ಟ್ರೇಲರ್ ಬಾಡಿಗೆ, ಡೀಸೆಲ್, ಟೈರು, ಪ್ರವೇಶ ಶುಲ್ಕ ಕೂಡಿಸಿದರೆ ಎರಡು ಮೂರು ಓಟಗಳಲ್ಲಿ ಕಾರು ಕಟ್ಟಿದ ಖರ್ಚನ್ನೇ ಮುಟ್ಟುತ್ತದೆ. ನಾಲ್ಕೈದು ಗೆಳೆಯರು ಒಂದೇ ಕಾರನ್ನು ಹಂಚಿಕೊಳ್ಳುವುದು ಇದಕ್ಕಿರುವ ಒಳ್ಳೆಯ ಪರಿಹಾರ. ಮಣ್ಣಿನ ಮೈದಾನದಲ್ಲಿ ಕೋನ್‌ಗಳ ನಡುವೆ ಒಂಟಿಯಾಗಿ ಗಡಿಯಾರದ ಎದುರು ಓಡಿಸುವ ಆಟೊಕ್ರಾಸ್ ಇನ್ನೂ ಅಗ್ಗ. ಚಿಕ್ಕಮಗಳೂರಿನ ಕಾಫಿ ನಾಡಿನ ರ‍್ಯಾಲಿಗಳು, ಕರ್ನಾಟಕ ಮೋಟಾರ್ ಸ್ಪೋರ್ಟ್ಸ್ ಕ್ಲಬ್‌ನ ಕೆ-1000 ರ‍್ಯಾಲಿ ನೋಡಿ ಬೆಳೆದ ಕನ್ನಡಿಗರಿಗೆ ಮಣ್ಣಿನ ಓಟ ಹೊಸತೇನಲ್ಲ.

ಅಧಿಕೃತ ಸ್ಪರ್ಧೆಗೆ ಭಾರತೀಯ ಮೋಟಾರ್ ಸ್ಪೋರ್ಟ್ಸ್ ಕ್ಲಬ್‌ಗಳ ಒಕ್ಕೂಟ ಎಫ್‌ಎಂಎಸ್‌ಸಿಐ ಕೊಡುವ ಪರವಾನಗಿ ಬೇಕು. ಆಯಾ ವಿಭಾಗದ ನಿಯಮ ಪುಸ್ತಕವನ್ನು ಕಾರು ಕೊಳ್ಳುವ ಮೊದಲೇ ಓದಿಕೊಂಡರೆ, ಕಟ್ಟಿದ್ದನ್ನು ಮತ್ತೆ ಕೀಳುವ ಕಷ್ಟ ತಪ್ಪುತ್ತದೆ. ಓಟದ ಮುನ್ನಾದಿನ ತಪಾಸಣೆ: ಪಂಜರದ ದಪ್ಪ, ಬೆಸುಗೆ, ಬೆಲ್ಟಿನ ತಾರೀಖು, ಹೆಲ್ಮೆಟ್, ಕಡಿತದ ಸ್ವಿಚ್ಚು, ಎಳೆಯುವ ಕೊಕ್ಕೆ, ಎಣ್ಣೆ ಸೋರಿಕೆ. ಬ್ಯಾಟರಿ ಕೈಯಲ್ಲಿ ಅಲ್ಲಾಡಿದರೂ ಕಾರು ವಾಪಸ್.

ಮೊದಲ ಸಲ ಟ್ರ್ಯಾಕಿಗಿಳಿದಾಗ ನಾಲ್ಕೈದು ನಿಧಾನ ಲ್ಯಾಪ್, ಆಮೇಲೆ ಪಿಟ್‌ಗೆ ಬಂದು ಬಾನೆಟ್ ತೆರೆಯುವುದು ರೂಢಿ. ಬಿಗಿದ ಪ್ರತಿ ಮುಖ್ಯ ನಟ್ಟಿನ ಮೇಲೂ ಅದರ ಪಕ್ಕದ ಲೋಹದ ಮೇಲೂ ಒಂದೇ ಗೆರೆಯಾಗಿ ಹಳದಿ ಬಣ್ಣ ಎಳೆದಿರುತ್ತಾರೆ. ಗೆರೆ ಮುರಿದು ಆಚೀಚೆಯಾಗಿದ್ದರೆ ನಟ್ಟು ಸಡಿಲಾಗಿದೆ ಎಂದು ಸ್ಪ್ಯಾನರ್ ಹಚ್ಚದೆಯೇ ಗೊತ್ತಾಗುತ್ತದೆ. ಪ್ರತಿ ಓಟದ ನಂತರ ಬ್ರೇಕ್ ಎಣ್ಣೆ ಹೊಸದು, ಎಂಜಿನ್ ಎಣ್ಣೆ ಹೊಸದು. ಇಳಿಸಿದ ಎಣ್ಣೆಯಲ್ಲಿ ಲೋಹದ ಮಿನುಗು ಕಂಡರೆ ಬೇರಿಂಗ್ ಬಿಚ್ಚಬೇಕು. ಸ್ಪಾರ್ಕ್ ಪ್ಲಗ್‌ನ ಬಿಳಿ ಪಿಂಗಾಣಿ ತಿಳಿ ಕಂದು ಬಣ್ಣದಲ್ಲಿದ್ದರೆ ಮಿಶ್ರಣ ಸರಿ, ಸುಣ್ಣದಂತೆ ಬಿಳಿಯಾಗಿದ್ದರೆ ಇಂಧನ ಸಾಲದು, ಮಸಿ ಕಟ್ಟಿದ್ದರೆ ಹೆಚ್ಚಾಗಿದೆ. ಕೊನೆಗೆ ಟಾರ್ಚ್ ಹಿಡಿದು ಪಂಜರದ ಪಾದಗಳನ್ನೂ ಸಸ್ಪೆನ್ಷನ್ ಗೋಪುರಗಳನ್ನೂ ನೋಡುತ್ತಾರೆ. ಬಣ್ಣದ ಮೇಲೆ ಕೂದಲೆಳೆಯಷ್ಟು ಬಿರುಕು ಕಂಡರೂ ಅಲ್ಲಿ ಕೆರೆದು, ಬೆಸೆದು, ಮತ್ತೆ ಬಣ್ಣ ಹಚ್ಚುವವರೆಗೆ ಆ ಕಾರು ಮುಂದಿನ ಓಟಕ್ಕೆ ಹೆಸರು ಕೊಡುವುದಿಲ್ಲ.